ಮತ್ತೆ ಮತ್ತೆ ಕೆಡುವ ಹೊಸ ಲಾರಿ ಮತ್ತು ಗ್ರಾಹಕ ಕಾನೂನು

ಕಲಬುರಗಿ ಜಿಲ್ಲೆಯ ಚಿತ್ತಾಪುರ, ಸೇಡಂ, ಶಹಾಬಾದ ಮತ್ತು ಚಿಂಚೋಳಿ ತಾಲ್ಲೂಕುಗಳ ನೆಲದಡಿ ಹಾಸಿಕೊಂಡಿರುವ ಸುಣ್ಣದ ಕಲ್ಲು ಈ ಭಾಗಕ್ಕೆ ಎರಡು ಬಗೆಯ ದುಡಿಮೆಯನ್ನು ಕೊಟ್ಟಿದೆ. ಒಂದು, ವಾಡಿಯ ಎಸಿಸಿ, ಸೇಡಂನ ವಾಸವದತ್ತಾ, ಮಳಖೇಡದ ರಾಜಶ್ರೀ ಮುಂತಾದ ಸಿಮೆಂಟ್ ಕಾರ್ಖಾನೆಗಳದ್ದು. ಇನ್ನೊಂದು, ವಾಡಿಯ ಪಕ್ಕದ ರಾವೂರದಂಥ ಊರುಗಳ ಗಣಿಗಳಿಂದ ಹೊರಟು ‘ಶಹಾಬಾದ ಕಲ್ಲು’ ಎಂಬ ಹೆಸರಿನಲ್ಲಿ ದೂರದೂರದ ಮನೆಗಳ ನೆಲವಾಗುವ ಫರಸಿಯದ್ದು. ಎರಡೂ ಲಾರಿಯ ಮೇಲೆ ನಿಂತಿವೆ. ಕಲ್ಲು ಹೊರುವ ಟಿಪ್ಪರ್, ಸಿಮೆಂಟ್ ಚೀಲ ಸಾಗಿಸುವ ಹತ್ತು, ಹನ್ನೆರಡು ಚಕ್ರದ ಲಾರಿ, ಪುಡಿ ಸಿಮೆಂಟನ್ನು ಟ್ಯಾಂಕಿನಲ್ಲಿ ಒಯ್ಯುವ ಬಲ್ಕರ್ ಇವುಗಳಲ್ಲಿ ಹಲವು ದೊಡ್ಡ ಸಾರಿಗೆ ಕಂಪನಿಗಳ ಹೆಸರಿನಲ್ಲಿದ್ದರೂ, ಹೊಲ ಅಡವಿಟ್ಟೋ ಹೆಂಡತಿಯ ಬಂಗಾರ ಮಾರಿಯೋ ಮುಂಗಡ ಹೊಂದಿಸಿ, ಉಳಿದದ್ದನ್ನು ಫೈನಾನ್ಸ್ ಕಂಪನಿಯಿಂದ ಸಾಲ ಪಡೆದು, ಒಂದೇ ಒಂದು ಲಾರಿ ಕೊಂಡು ತಾನೇ ಸ್ಟೇರಿಂಗ್ ಹಿಡಿಯುವ ಚಾಲಕ-ಮಾಲೀಕರೂ ಈ ದುಡಿಮೆಯಲ್ಲಿದ್ದಾರೆ. ಅಂಥವರ ಹೊಸ ಲಾರಿ ಕೊಂಡ ಆರು ತಿಂಗಳೊಳಗೆ ಒಂದೇ ದೋಷಕ್ಕಾಗಿ ಪದೇ ಪದೇ ಸರ್ವಿಸ್ ಸೆಂಟರಿನ ಅಂಗಳದಲ್ಲಿ ನಿಂತರೆ ಬಾಡಿಗೆ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ. ವಾರಂಟಿ ಬಿಡಿಭಾಗದ ಬೆಲೆಯನ್ನು ಭರಿಸುತ್ತದೆಯೇ ಹೊರತು ನಿಂತ ದಿನಗಳ ಬೆಲೆಯನ್ನಲ್ಲ.

ಈಗಿನ ಲಾರಿಗಳಲ್ಲಿ ಇಂಥ ಮರುಕಳಿಸುವ ದೋಷ ಎಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದನ್ನು ತಿಳಿಯಬೇಕಾದರೆ 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಭಾರತ್ ಸ್ಟೇಜ್-6, ಅಂದರೆ ವಾಹನದ ಹೊಗೆಯಲ್ಲಿ ಎಷ್ಟು ವಿಷಾನಿಲ ಮತ್ತು ಮಸಿ ಇರಬಹುದು ಎಂದು ನಿಗದಿಪಡಿಸುವ ಮಾನದಂಡವನ್ನು ಗಮನಿಸಬೇಕು. ಇದನ್ನು ಪಾಲಿಸಲು ತಯಾರಕರು ಹೊಗೆಕೊಳವೆಯ ದಾರಿಯಲ್ಲಿ ಎರಡು ಮುಖ್ಯ ವ್ಯವಸ್ಥೆಗಳನ್ನು ಜೋಡಿಸಿದರು. ಮೊದಲನೆಯದು ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಸೋಸುಗ. ಎರಡನೆಯದು, ಚಾಲಕರು ಸರಳವಾಗಿ ‘ಯೂರಿಯಾ’ ಎಂದು ಕರೆಯುವ, ಶೇ 32.5ರಷ್ಟು ಯೂರಿಯಾ ಇರುವ ಡಿಇಎಫ್ ದ್ರವವನ್ನು ಹೊಗೆಗೆ ಸಿಂಪಡಿಸಿ ಸಾರಜನಕದ ಆಕ್ಸೈಡುಗಳನ್ನು ಕಡಿಮೆ ಮಾಡುವ ಎಸ್‌ಸಿಆರ್ ವ್ಯವಸ್ಥೆ. ಇವುಗಳ ಕೆಲಸವನ್ನು ಹಲವು ಸೆನ್ಸರುಗಳು ಕಾಯುತ್ತಿರುತ್ತವೆ. ಅವುಗಳಲ್ಲಿ ಒಂದು ತಪ್ಪು ಸಂಕೇತ ಕೊಟ್ಟರೂ ಎಂಜಿನ್ನಿನ ಕಂಪ್ಯೂಟರ್ ಎಳೆಯುವ ಶಕ್ತಿಯನ್ನು ತಾನಾಗಿಯೇ ಇಳಿಸುತ್ತದೆ, ತುಂಬಿದ ಲಾರಿ ಏರಿನಲ್ಲಿ ತೆವಳತೊಡಗುತ್ತದೆ. ಡಿಪಿಎಫ್‌ನಲ್ಲಿ ಕೂಡಿದ ಮಸಿ ಸುಟ್ಟುಹೋಗಬೇಕಾದರೆ ಹೊಗೆಯ ಉಷ್ಣತೆ ಸಾಕಷ್ಟು ಹೊತ್ತು ಏರಿಯೇ ಇರಬೇಕು. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡುವ ಲಾರಿಗೆ ಇದು ಕಷ್ಟವಲ್ಲ, ಆದರೆ ಗಣಿಯಿಂದ ಪಾಲಿಶ್ ಘಟಕಕ್ಕೆ, ಅಲ್ಲಿಂದ ಮತ್ತೆ ಗಣಿಗೆ ಧೂಳಿನ ದಾರಿಯಲ್ಲಿ ನಿಧಾನವಾಗಿ ತಿರುಗುವ ಟಿಪ್ಪರಿನ ಹೊಗೆಕೊಳವೆ ಆ ಕಾವಿಗೆ ಏರುವುದು ಅಪರೂಪ. ಸೋಸುಗ ಕಟ್ಟುತ್ತದೆ, ಡ್ಯಾಶ್‌ಬೋರ್ಡಿನ ದೀಪ ಹೊತ್ತುತ್ತದೆ, ಸರ್ವಿಸ್ ಸೆಂಟರಿನವರು ಸ್ವಚ್ಛಗೊಳಿಸಿ ಕೊಡುತ್ತಾರೆ, ಕೆಲವೇ ವಾರಗಳಲ್ಲಿ ಅದೇ ದೀಪ ಮತ್ತೆ ಹೊತ್ತುತ್ತದೆ. ಇದು ಓಡಿಸುವವನ ತಪ್ಪು ಎಂದು ಕಂಪನಿಯೂ, ಗಣಿ ಕೆಲಸಕ್ಕೆ ಒಗ್ಗದ ಲಾರಿಯನ್ನು ಗಣಿ ಕೆಲಸಕ್ಕೆಂದೇ ಏಕೆ ಮಾರಿದಿರಿ ಎಂದು ಮಾಲೀಕನೂ ವಾದಿಸುವುದು ಇಲ್ಲಿಂದಲೇ ಆರಂಭ. ಮಾಲೀಕನ ಪ್ರಶ್ನೆ ನ್ಯಾಯವಾದದ್ದು, ಮತ್ತು ಮುಂದೆ ಕಾಣುವಂತೆ ಅದಕ್ಕೆ ಕಾನೂನಿನ ಆಧಾರವೂ ಇದೆ.

ಇಂಥ ತಕರಾರಿಗೆ ಅಮೆರಿಕದ ರಾಜ್ಯಗಳು ಲೆಕ್ಕದ ಮೂಲಕ ಉತ್ತರ ಕಂಡುಕೊಂಡವು. 1982ರಲ್ಲಿ ಕನೆಕ್ಟಿಕಟ್ ರಾಜ್ಯ ಮೊದಲಿಗೆ ರೂಪಿಸಿದ, ಬಳಿಕ ಉಳಿದ ರಾಜ್ಯಗಳಿಗೂ ಹಬ್ಬಿದ ‘ಲೆಮನ್ ಕಾನೂನು’ಗಳ ಸಾರ ಇಷ್ಟು: ಹೊಸ ವಾಹನದ ಒಂದೇ ದೋಷವನ್ನು ನಿಗದಿತ ಸಂಖ್ಯೆಯಷ್ಟು ಸಲ ದುರಸ್ತಿ ಮಾಡಿಯೂ ಅದು ಹೋಗದಿದ್ದರೆ, ಇಲ್ಲವೇ ದುರಸ್ತಿಗಾಗಿ ವಾಹನ ನಿಗದಿತ ದಿನಗಳಿಗಿಂತ ಹೆಚ್ಚು ನಿಂತರೆ, ತಯಾರಕ ವಾಹನವನ್ನು ಬದಲಿಸಿಕೊಡಬೇಕು ಅಥವಾ ಹಣ ಹಿಂದಿರುಗಿಸಬೇಕು. ಕ್ಯಾಲಿಫೋರ್ನಿಯದಲ್ಲಿ ಮೊದಲ 18 ತಿಂಗಳು ಅಥವಾ 18,000 ಮೈಲಿಗಳೊಳಗೆ ಒಂದೇ ದೋಷಕ್ಕೆ ನಾಲ್ಕು ಸಲ, ಪ್ರಾಣಾಪಾಯದ ದೋಷಕ್ಕೆ ಎರಡು ಸಲ ದುರಸ್ತಿ ವಿಫಲವಾದರೆ, ಅಥವಾ ವಾಹನ ಒಟ್ಟು 30 ದಿನಕ್ಕಿಂತ ಹೆಚ್ಚು ಕಾಲ ದುರಸ್ತಿಯಲ್ಲಿ ಕಳೆದರೆ, ತಯಾರಕನಿಗೆ ಸಾಕಷ್ಟು ಅವಕಾಶ ಸಿಕ್ಕಿತೆಂದು ಕಾನೂನೇ ಊಹಿಸುತ್ತದೆ. ಹಾಗಲ್ಲವೆಂದು ಸಾಧಿಸುವ ಹೊರೆ ತಯಾರಕನದು. ಆದರೆ ವ್ಯಾಪಾರಕ್ಕಾಗಿ ಕೊಂಡ ವಾಹನದ ವಿಷಯದಲ್ಲಿ ಅದೇ ಕಾನೂನು 10,000 ಪೌಂಡಿಗಿಂತ ಕಡಿಮೆ, ಅಂದರೆ ಸುಮಾರು ನಾಲ್ಕೂವರೆ ಟನ್ನಿನೊಳಗಿನ ಒಟ್ಟು ತೂಕದ ವಾಹನಗಳಿಗೆ, ಅದೂ ಐದಕ್ಕಿಂತ ಹೆಚ್ಚು ವಾಹನಗಳಿಲ್ಲದ ಮಾಲೀಕರಿಗೆ ಮಾತ್ರ ಅನ್ವಯಿಸುತ್ತದೆ. ಹೊರದೇಶದ ಕಾನೂನನ್ನು ಹೊಗಳುವ ಮೊದಲು ನೆನಪಿಡಬೇಕಾದದ್ದು ಇದು: ಸೇಡಂ ರಸ್ತೆಯಲ್ಲಿ ಓಡುವ ಹನ್ನೆರಡು ಚಕ್ರದ ಲಾರಿ ಅಲ್ಲಿ ಓಡುತ್ತಿದ್ದರೂ ಆ ರಕ್ಷಣೆಯ ಹೊರಗೇ ಉಳಿಯುತ್ತಿತ್ತು.

ಭಾರತದಲ್ಲಿ ಸಂಖ್ಯೆಯ ಲೆಕ್ಕದ ಮೇಲೆ ನಿಂತ ಇಂಥ ಪ್ರತ್ಯೇಕ ಕಾನೂನು ಇಲ್ಲ. ಇಲ್ಲಿ ಆಸರೆಯಾಗಿರುವುದು 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸ್ಥಾನದಲ್ಲಿ 2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಕಾಯ್ದೆ. ಸರಕಿನ ಗುಣಮಟ್ಟದಲ್ಲಿ ಇರಬೇಕಾದದ್ದಕ್ಕಿಂತ ಕಡಿಮೆಯಿರುವ ಯಾವ ಕೊರತೆಯನ್ನಾದರೂ ಕಾಯ್ದೆ ‘ದೋಷ’ ಎನ್ನುತ್ತದೆ. ದೋಷ ಸಾಬೀತಾದರೆ ಅದನ್ನು ನಿವಾರಿಸಲು, ಸರಕನ್ನು ಬದಲಿಸಿಕೊಡಲು, ಬೆಲೆಯನ್ನು ಬಡ್ಡಿಯೊಂದಿಗೆ ಹಿಂದಿರುಗಿಸಲು, ಜೊತೆಗೆ ನಷ್ಟ ಪರಿಹಾರ ಕೊಡಲು ಗ್ರಾಹಕ ಆಯೋಗ ಆದೇಶಿಸಬಹುದು. ಅಧಿಕಾರದ ದೃಷ್ಟಿಯಿಂದ ಇದು ಲೆಮನ್ ಕಾನೂನಿಗಿಂತ ಕಿರಿದಲ್ಲ. ಆದರೆ ಲಾರಿಯ ಮಾಲೀಕ ಆ ಬಾಗಿಲು ದಾಟುವ ಮೊದಲೇ ಒಂದು ಹೊಸ್ತಿಲು ಅಡ್ಡ ಬರುತ್ತದೆ: ‘ವಾಣಿಜ್ಯ ಉದ್ದೇಶ’ಕ್ಕಾಗಿ ಸರಕು ಕೊಂಡವನು ಗ್ರಾಹಕನಲ್ಲ ಎಂದು ಕಾಯ್ದೆ ಹೇಳುತ್ತದೆ.

ಲಾರಿಯನ್ನು ಯಾರೂ ವಿಹಾರಕ್ಕಾಗಿ ಕೊಳ್ಳುವುದಿಲ್ಲ. ಈ ಮಾತನ್ನು ಅಕ್ಷರಶಃ ಹಿಡಿದರೆ ಯಾವ ಲಾರಿ ಮಾಲೀಕನೂ ಗ್ರಾಹಕನಾಗಲಾರ. ಈ ಅನ್ಯಾಯವನ್ನು ತಡೆಯಲು 1993ರಲ್ಲಿ ಕಾಯ್ದೆಗೆ ಒಂದು ವಿವರಣೆಯನ್ನು ಸೇರಿಸಲಾಯಿತು. ಸ್ವಯಂ ಉದ್ಯೋಗದ ಮೂಲಕ ತನ್ನ ಜೀವನೋಪಾಯ ಗಳಿಸಲೆಂದೇ ಕೊಂಡು ಬಳಸುವ ಸರಕು ವಾಣಿಜ್ಯ ಉದ್ದೇಶದ್ದಲ್ಲ ಎಂಬುದು ಅದರ ತಿರುಳು, 2019ರ ಕಾಯ್ದೆಯೂ ಅದನ್ನು ಉಳಿಸಿಕೊಂಡಿದೆ. 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರಿಸುತ್ತ ಆಟೊರಿಕ್ಷಾ, ಲೇತ್ ಯಂತ್ರಗಳ ಜೊತೆಗೆ ಲಾರಿಯನ್ನೇ ಉದಾಹರಣೆಯಾಗಿ ತೆಗೆದುಕೊಂಡಿತು: ಲಾರಿ ಕೊಂಡು ತಾನೇ ಬಾಡಿಗೆಗೆ ಓಡಿಸುವವನು ಗ್ರಾಹಕ, ಸಹಾಯಕ್ಕೆ ಒಬ್ಬಿಬ್ಬರನ್ನು ಇಟ್ಟುಕೊಂಡ ಮಾತ್ರಕ್ಕೆ ಆ ಸ್ಥಾನ ಹೋಗುವುದಿಲ್ಲ. 2009ರಲ್ಲಿ ಉತ್ತರ ಪ್ರದೇಶದ ಸುಲ್ತಾನ್‌ಪುರದಲ್ಲಿ ಹರಾಜಿನಲ್ಲಿ ಕೊಂಡ ಲಾರಿಯೊಂದರ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೊಂಡವನು ಚಾಲಕನನ್ನು ನೇಮಿಸಿಕೊಂಡಿದ್ದರೂ ಅವನ ಜೀವನೋಪಾಯ ಆ ಲಾರಿಯಿಂದಲೇ ನಡೆಯುವುದರಿಂದ ಅವನು ಗ್ರಾಹಕನೇ ಎಂದಿತು. ಬೆನ್ನುನೋವಿನಿಂದ ಸ್ಟೇರಿಂಗ್ ಬಿಟ್ಟು ತಮ್ಮನಿಗೋ ಸಂಬಳದ ಚಾಲಕನಿಗೋ ಲಾರಿ ಒಪ್ಪಿಸಿದ ಮಾಲೀಕರಿಗೆ ಈ ತೀರ್ಪು ದೊಡ್ಡ ಆಧಾರ.

ಆದರೆ ಜೀವನೋಪಾಯಕ್ಕಾಗಿ ಕೊಂಡದ್ದೆಂದು ತೋರಿಸುವ ಹೊಣೆ ಕೊಂಡವನದೇ ಎಂದು 1997ರಲ್ಲಿ ವರದಿಯಾದ ಚೀಮಾ ಎಂಜಿನಿಯರಿಂಗ್ ಸರ್ವಿಸಸ್ ಪ್ರಕರಣ ಸ್ಪಷ್ಟಪಡಿಸಿದೆ. ದೂರಿನಲ್ಲಿ ದೋಷದ ವಿವರವನ್ನು ಪುಟಗಟ್ಟಲೆ ಬರೆದು, ಲಾರಿಯನ್ನು ಸ್ವಯಂ ಉದ್ಯೋಗಕ್ಕಾಗಿ, ಕುಟುಂಬದ ಹೊಟ್ಟೆಪಾಡಿಗಾಗಿ ಕೊಂಡದ್ದು ಎಂಬ ಒಂದು ವಾಕ್ಯವನ್ನು ಬಿಟ್ಟರೆ, ಎದುರುದಾರರ ವಕೀಲರು ಮೊದಲು ಎತ್ತಿ ತೋರಿಸುವುದು ಆ ಕೊರತೆಯನ್ನೇ. ಭಾರಿ ವಾಹನ ಚಾಲನಾ ಪರವಾನಗಿ, ಒಂದೇ ಲಾರಿಯ ಆರ್‌ಸಿ, ಪರ್ಮಿಟ್, ಬಾಡಿಗೆ ಹಣ ಜಮೆಯಾಗಿ ಅದರಿಂದಲೇ ಕಂತು ಕಡಿತವಾಗುವ ಬ್ಯಾಂಕ್ ಖಾತೆಯ ಪ್ರತಿ ಇವು ಆ ವಾಕ್ಯಕ್ಕೆ ಸಾಕ್ಷಿಯಾಗುತ್ತವೆ. ನಾಲ್ಕಾರು ಲಾರಿಗಳಿದ್ದು ಎಲ್ಲಕ್ಕೂ ಚಾಲಕರನ್ನು ಇಟ್ಟವರ ದಾರಿ ಬೇರೆ: ಅವರು 1930ರ ಸರಕು ಮಾರಾಟ ಕಾಯ್ದೆಯ ಆಧಾರದ ಮೇಲೆ ಸಿವಿಲ್ ನ್ಯಾಯಾಲಯಕ್ಕೆ, ಮೊತ್ತ ಮೂರು ಲಕ್ಷ ರೂಪಾಯಿ ಮುಟ್ಟಿ ವಿವಾದ ವಾಣಿಜ್ಯ ಸ್ವರೂಪದ್ದಾಗಿದ್ದರೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯಡಿ, ಹೋಗಬೇಕಾಗುತ್ತದೆ, ತುರ್ತು ಪರಿಹಾರ ಕೇಳದ ಇಂಥ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಪ್ರಯತ್ನಿಸುವುದು ಕಡ್ಡಾಯ.

ಆ 1930ರ ಕಾಯ್ದೆಯ 16ನೇ ಕಲಂ ಗ್ರಾಹಕ ಆಯೋಗಕ್ಕೆ ಹೋಗುವವರಿಗೂ ಉಪಯುಕ್ತ. ಕೊಳ್ಳುವವನು ಸರಕು ಯಾವ ನಿರ್ದಿಷ್ಟ ಕೆಲಸಕ್ಕೆ ಬೇಕೆಂದು ಮಾರುವವನಿಗೆ ತಿಳಿಸಿ, ಅವನ ತಿಳಿವಳಿಕೆಯನ್ನು ನಂಬಿ ಕೊಂಡಿದ್ದರೆ, ಸರಕು ಆ ಕೆಲಸಕ್ಕೆ ತಕ್ಕದ್ದಾಗಿರಬೇಕೆಂಬ ಷರತ್ತು ಬಾಯಲ್ಲಿ ಹೇಳದಿದ್ದರೂ ಒಪ್ಪಂದದೊಳಗೆ ಸೇರಿರುತ್ತದೆ. ಆದರೆ ನಿರ್ದಿಷ್ಟ ವಸ್ತುವನ್ನು ಅದರ ವ್ಯಾಪಾರಿ ಹೆಸರಿನಿಂದಲೇ ಕೇಳಿ ಕೊಂಡರೆ ಈ ಷರತ್ತು ಇರುವುದಿಲ್ಲ ಎಂಬ ವಿನಾಯಿತಿಯೂ ಅದೇ ಕಲಮಿನಲ್ಲಿದೆ. ಶೋರೂಮಿಗೆ ಹೋಗಿ ಇಂಥ ಮಾಡೆಲ್ಲೇ ಬೇಕೆಂದು ಕೈ ತೋರಿಸುವುದಕ್ಕೂ, ‘ಕಲ್ಲುಗಣಿಯಲ್ಲಿ ದಿನಕ್ಕೆ ಇಷ್ಟು ಟ್ರಿಪ್, ಇಷ್ಟು ದೂರ, ಕಚ್ಚಾ ರಸ್ತೆ, ಇದಕ್ಕೆ ಯಾವ ಲಾರಿ ಸರಿ?’ ಎಂದು ಕೇಳಿ, ಆ ಮಾತನ್ನು ಕೊಟೇಶನ್ ಅಥವಾ ಬುಕಿಂಗ್ ಫಾರಂ ಮೇಲೆ ಬರೆಸಿಕೊಳ್ಳುವುದಕ್ಕೂ ಕಾನೂನಿನ ಕಣ್ಣಿನಲ್ಲಿ ಬಹಳ ಅಂತರವಿದೆ. ಗಣಿಯ ಓಡಾಟಕ್ಕೆ ಡಿಪಿಎಫ್ ಒಗ್ಗುವುದಿಲ್ಲವೆಂಬ ನೆಪವನ್ನು ಕಂಪನಿ ಆಮೇಲೆ ಹೇಳದಂತೆ ತಡೆಯುವುದು ಆ ಎರಡು ಸಾಲಿನ ಬರಹವೇ.

ಲಾರಿ ಕೈಗೆ ಬಂದ ಮೇಲೆ ಅತ್ಯಂತ ಬೆಲೆಬಾಳುವ ಕಾಗದ ಜಾಬ್ ಕಾರ್ಡ್. ವಾಹನ ಸರ್ವಿಸ್ ಸೆಂಟರಿಗೆ ಬಂದಾಗ ದಿನಾಂಕ, ಓಡಿದ ಕಿಲೋಮೀಟರ್, ಮಾಲೀಕ ಹೇಳಿದ ದೂರು, ಮಾಡಿದ ಕೆಲಸ ಇವನ್ನೆಲ್ಲ ದಾಖಲಿಸುವ ಹಾಳೆ ಇದು. ಹಲವು ಮಾಲೀಕರು ಸೋಲುವುದು ಇಲ್ಲೇ: ಲಾರಿ ಏರು ಹತ್ತುವುದಿಲ್ಲ ಎಂದು ಬಾಯಲ್ಲಿ ಹೇಳಿರುತ್ತಾರೆ, ಕಾರ್ಡಿನಲ್ಲಿ ‘ಸಾಮಾನ್ಯ ತಪಾಸಣೆ’ ಎಂದಷ್ಟೇ ಇರುತ್ತದೆ, ಮೂರು ದಿನ ನಿಂತ ಲಾರಿಗೆ ಒಂದೇ ದಿನದ ಕಾರ್ಡ್ ತಯಾರಾಗಿರುತ್ತದೆ, ದಾರಿಯಲ್ಲಿ ಕೆಟ್ಟು ನಿಂತಾಗ ಬಂದ ಮೆಕ್ಯಾನಿಕ್ ಯಾವ ಕಾಗದವನ್ನೂ ಕೊಡದೆ ಹೋಗಿರುತ್ತಾನೆ. ದೋಷವನ್ನು ಮಾಲೀಕ ಹೇಳಿದ ಮಾತಿನಲ್ಲೇ ಬರೆಸುವುದು, ಲಾರಿ ಒಳಹೋದ ಮತ್ತು ಹೊರಬಂದ ದಿನಗಳೆರಡನ್ನೂ ನಮೂದಿಸುವುದು, ಸ್ಕ್ಯಾನರ್ ತೋರಿಸಿದ ದೋಷಸಂಕೇತದ ಪ್ರತಿ ಕೇಳಿ ಪಡೆಯುವುದು, ಹೊತ್ತಿದ ದೀಪದ ಫೋಟೊ ತೆಗೆಯುವುದು, ಸರ್ವಿಸ್ ಸೆಂಟರಿನವರು ಪ್ರತಿ ಕೊಡಲೊಪ್ಪದಿದ್ದರೆ ಅದೇ ದಿನ ಡೀಲರ್ ಮತ್ತು ಕಂಪನಿ ಇಬ್ಬರಿಗೂ ಇ-ಮೇಲ್ ಕಳಿಸುವುದು ಇವೆಲ್ಲ ಸಣ್ಣ ಕೆಲಸಗಳಾಗಿ ಕಂಡರೂ, ಭಾರತದ ಕಾನೂನು ತಾನಾಗಿ ಮಾಡದ ಎಣಿಕೆಯನ್ನು ಮಾಲೀಕನ ಪರವಾಗಿ ಮಾಡಿಕೊಡುವುದು ಇವೇ. ಕಾರ್ಡ್ ಇಂಗ್ಲಿಷಿನಲ್ಲಿದ್ದು ತಿಳಿಯದಿದ್ದರೆ ದೂರನ್ನು ಕನ್ನಡದಲ್ಲಿಯೇ ಬರೆದು ಸಹಿ ಹಾಕಲು ಯಾವ ಅಡ್ಡಿಯೂ ಇಲ್ಲ.

ಎಣಿಕೆ ಇದ್ದ ಮಾತ್ರಕ್ಕೆ ಹೊಸ ಲಾರಿ ಸಿಗುತ್ತದೆಂದು ಭರವಸೆ ಕೊಡಲಾಗದು. 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯ ಷರತ್ತು ದೋಷಯುಕ್ತ ಭಾಗವನ್ನು ದುರಸ್ತಿ ಮಾಡುವ ಅಥವಾ ಬದಲಿಸುವ ಮಟ್ಟಕ್ಕೆ ಸೀಮಿತವಾಗಿರುವಾಗ ಇಡೀ ವಾಹನ ಬದಲಿಸಲು ಆದೇಶಿಸುವುದು ಸರಿಯಲ್ಲ ಎಂದಿತು. ಕಂಪನಿಗಳ ವಕೀಲರ ಕೈಯಲ್ಲಿ ಇದು ಬಲವಾದ ಅಸ್ತ್ರ. 2010ರಲ್ಲಿ ಫಿಯಟ್ ಇಂಡಿಯಾ ವಿರುದ್ಧದ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಸ್ವತಂತ್ರ ತಜ್ಞನು ವಾಹನದಲ್ಲಿ ಹುಟ್ಟಿನಿಂದಲೇ ಬಂದ ತಯಾರಿಕಾ ದೋಷವಿದೆಯೆಂದು ಕಂಡುಕೊಂಡರೆ ಬೆಲೆ, ಜೀವಾವಧಿ ತೆರಿಗೆ ಮತ್ತು ಕಂತುಗಳ ಹಣ ಶೇ 12ರ ಬಡ್ಡಿಯೊಂದಿಗೆ ಹಿಂದಿರುಗಬೇಕೆಂದು ಹೇಳಿತು. ಎರಡನ್ನೂ ಜೊತೆಯಾಗಿ ಓದಿದಾಗ, ತೂಗುವ ತಕ್ಕಡಿ ತಜ್ಞರ ವರದಿಯಲ್ಲಿದೆ ಎಂಬುದು ಕಾಣುತ್ತದೆ. ಪರೀಕ್ಷೆಯಿಲ್ಲದೆ ದೋಷ ನಿರ್ಧರಿಸಲಾಗದಿದ್ದರೆ ಸರಕನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಒಪ್ಪಿಸಿ 45 ದಿನಗಳಲ್ಲಿ ವರದಿ ಪಡೆಯಲು 2019ರ ಕಾಯ್ದೆಯ 38ನೇ ಕಲಂ ಆಯೋಗಕ್ಕೆ ಅಧಿಕಾರ ಕೊಟ್ಟಿದೆ. ಶುಲ್ಕವನ್ನು ಮೊದಲು ದೂರುದಾರ ಕಟ್ಟಬೇಕು. ಲಾರಿಯಂಥ ವಾಹನವನ್ನು ಪೆಟ್ಟಿಗೆಯಲ್ಲಿಟ್ಟು ಕಳಿಸಲಾಗದ್ದರಿಂದ, ಕಂಪನಿಗೆ ಸಂಬಂಧವಿಲ್ಲದ ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದ ಪ್ರಾಧ್ಯಾಪಕರನ್ನೋ ಮೋಟಾರು ವಾಹನ ನಿರೀಕ್ಷಕರನ್ನೋ ತಜ್ಞರನ್ನಾಗಿ ನೇಮಿಸುವಂತೆ ಕೋರುವುದು ಪ್ರಾಯೋಗಿಕ. ಈ ಅರ್ಜಿಯನ್ನು ಲಾರಿ ಇನ್ನೂ ಕೆಟ್ಟ ಸ್ಥಿತಿಯಲ್ಲಿರುವಾಗಲೇ ಹಾಕಬೇಕು, ಏಕೆಂದರೆ ಹೊರಗಿನ ಗ್ಯಾರೇಜಿನಲ್ಲಿ ಬಿಚ್ಚಿ ಜೋಡಿಸಿದ ಎಂಜಿನ್ನಿನ ಮೇಲೆ ತಜ್ಞನೂ ಖಚಿತವಾಗಿ ಹೇಳಲಾರ.

ಈ ಭಾಗದ ಲಾರಿಗಳ ವಿಷಯದಲ್ಲಿ ಕಂಪನಿಗಳಿಗೆ ಸಿಗುವ ಸಿದ್ಧ ಉತ್ತರಗಳಲ್ಲಿ ಮೊದಲನೆಯದು ಅತಿಭಾರ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಅನುಮತಿಸಿದ ತೂಕವನ್ನೇ ಹೆಚ್ಚಿಸಿತು. ಮೂರು ಆಕ್ಸಲ್‌ನ ಲಾರಿಗೆ ಒಟ್ಟು ತೂಕ 25 ಟನ್ನಿನಿಂದ 28.5 ಟನ್ನಿಗೆ ಏರಿತು. ಆ ಮಿತಿಯನ್ನೂ ಮೀರಿ ಕಲ್ಲು ಹೇರಿದ ಒಂದೇ ಒಂದು ತೂಕದ ಚೀಟಿ ಅಥವಾ ದಂಡದ ರಸೀದಿ, ಅತಿಭಾರಕ್ಕೆ ಯಾವ ಸಂಬಂಧವೂ ಇಲ್ಲದ ಸೆನ್ಸರ್ ದೋಷದ ದೂರನ್ನೂ ದುರ್ಬಲಗೊಳಿಸಬಲ್ಲದು. ಇನ್ನೊಂದು ಉತ್ತರ ಬಾಡಿಯದ್ದು. ಲಾರಿ ಹಲವು ಸಲ ಬರಿ ಚಾಸಿಯಾಗಿ ಮಾರಾಟವಾಗಿ, ಮೇಲಿನ ಬಾಡಿ ಬೇರೆ ಕಡೆ ಕಟ್ಟಿಸಿಕೊಂಡದ್ದಾಗಿರುತ್ತದೆ. ಕಮಾನು ಪಟ್ಟಿ ಮುರಿದರೂ ಚಾಸಿ ಬಿರುಕು ಬಿಟ್ಟರೂ ಹೊಣೆ ಬಾಡಿ ಕಟ್ಟಿದವನ ಮೇಲೆ ಹೋಗುತ್ತದೆ. ಬಾಡಿಯ ಬಿಲ್ಲು ಮತ್ತು ಅಳತೆಯ ನಕ್ಷೆ, ತೂಕದ ಚೀಟಿಗಳು, ಹೊತ್ತಿಗೆ ಸರಿಯಾಗಿ ಮಾಡಿಸಿದ ಸರ್ವಿಸಿನ ದಾಖಲೆ ಇದ್ದವನ ಮುಂದೆ ಈ ಉತ್ತರಗಳು ನಿಲ್ಲುವುದಿಲ್ಲ.

ದೂರಿನಲ್ಲಿ ಡೀಲರ್ ಮತ್ತು ತಯಾರಕ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಬೇಕು, ಏಕೆಂದರೆ ಇಬ್ಬರ ನಡುವಿನ ಸಂಬಂಧ ಸ್ವತಂತ್ರ ವ್ಯಾಪಾರಿಗಳದ್ದಾಗಿದ್ದಾಗ ಡೀಲರನ ತಪ್ಪಿಗೆ ತಯಾರಕನನ್ನು ತಾನಾಗಿ ಹೊಣೆ ಮಾಡಲಾಗದೆಂದು 2021ರ ಟಾಟಾ ಮೋಟಾರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಯಾರು ಏನು ಮಾಡಿದರೆಂಬುದನ್ನು ಬೇರೆ ಬೇರೆಯಾಗಿ ಬರೆಯುವುದು ಅಗತ್ಯ. ಹಿಂದೆ ಎದುರುದಾರರಿರುವ ಅಥವಾ ದೂರಿಗೆ ಕಾರಣ ಹುಟ್ಟಿದ ಊರಿಗೆ ಅಲೆಯಬೇಕಿತ್ತು. 2019ರ ಕಾಯ್ದೆಯಡಿ ದೂರುದಾರ ವಾಸಿಸುವ ಸ್ಥಳದಲ್ಲೇ ದೂರು ಕೊಡಬಹುದಾದ್ದರಿಂದ, ಲಾರಿಯನ್ನು ಹೈದರಾಬಾದಿನಲ್ಲೋ ಸೊಲ್ಲಾಪುರದಲ್ಲೋ ಕೊಂಡ ರಾವೂರದವರೂ ಕಲಬುರಗಿಯ ಜಿಲ್ಲಾ ಆಯೋಗಕ್ಕೇ ಹೋಗಬಹುದು. ಇದು ಈ ಕಾಯ್ದೆಯ ದೊಡ್ಡ ಉಪಕಾರ. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗೆ ಇದ್ದರೆ ಜಿಲ್ಲಾ ಆಯೋಗ, ಅದನ್ನು ಮೀರಿ ಎರಡು ಕೋಟಿಯವರೆಗೆ ರಾಜ್ಯ ಆಯೋಗ ಎಂದು 2021ರ ಡಿಸೆಂಬರಿನ ನಿಯಮ ಹೇಳುತ್ತದೆ. 20ರಿಂದ 50 ಲಕ್ಷದ ಲಾರಿಗೆ ದೂರಿನ ಶುಲ್ಕ ಒಂದು ಸಾವಿರ ರೂಪಾಯಿ. ದೂರು ಅದಕ್ಕೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಬರಬೇಕು. ಮುಂದಿನ ತಿಂಗಳು ಸರಿಮಾಡಿಕೊಡುತ್ತೇವೆಂಬ ಮಾತನ್ನು ನಂಬಿ ಕಾಯುವವರ ಕೈಯಿಂದ ಈ ಎರಡು ವರ್ಷ ಸದ್ದಿಲ್ಲದೆ ಜಾರಿಹೋಗುತ್ತದೆ. ಒಂದೇ ಮಾದರಿಯ ಲಾರಿ ಕೊಂಡು ಒಂದೇ ದೋಷ ಅನುಭವಿಸುತ್ತಿರುವ ಹಲವರು ಆಯೋಗದ ಅನುಮತಿ ಪಡೆದು ಒಟ್ಟಾಗಿಯೂ ದೂರು ಕೊಡಬಹುದು, ತಜ್ಞರ ಖರ್ಚು ಆಗ ಹಂಚಿಹೋಗುತ್ತದೆ.

ದೋಷ ಒಬ್ಬನ ಲಾರಿಯದಲ್ಲ, ಇಡೀ ಮಾದರಿಯದು ಎನ್ನುವ ಸಂದರ್ಭದಲ್ಲಿ ಬ್ರೇಕ್, ಸ್ಟೇರಿಂಗ್‌ನಂಥ ಸುರಕ್ಷತೆಯ ಕೊರತೆಗೆ ಇನ್ನೊಂದು ದಾರಿಯಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿ 2021ರ ಏಪ್ರಿಲ್ 1ರಿಂದ ಜಾರಿಯಾದ 110-ಎ ಕಲಮಿನ ಪ್ರಕಾರ, ಪರಿಸರಕ್ಕೆ ಅಥವಾ ಚಾಲಕ, ಪ್ರಯಾಣಿಕ, ದಾರಿಹೋಕರಿಗೆ ಅಪಾಯ ತರುವ ದೋಷವನ್ನು ನಿಗದಿತ ಪ್ರಮಾಣದ ಮಾಲೀಕರು ವರದಿ ಮಾಡಿದಾಗ, ಆ ಮಾದರಿಯನ್ನು ವಾಪಸು ಕರೆಸುವಂತೆ ಕೇಂದ್ರ ಸರ್ಕಾರ ತಯಾರಕನಿಗೆ ಆದೇಶಿಸಬಹುದು. ಬ್ರೇಕ್ ವಿಫಲವಾಗಿ ಯಾರಿಗಾದರೂ ಗಾಯವಾದರೆ 2019ರ ಗ್ರಾಹಕ ಕಾಯ್ದೆಯ ‘ಉತ್ಪನ್ನ ಹೊಣೆಗಾರಿಕೆ’ ಅಧ್ಯಾಯ ಅನ್ವಯಿಸುತ್ತದೆ. ಆದರೆ ಆ ಅಧ್ಯಾಯದ ‘ಹಾನಿ’ಯೊಳಗೆ ಲಾರಿಗೇ ಆದ ಹಾನಿ ಸೇರುವುದಿಲ್ಲ, ಅದಕ್ಕಾಗಿ ದೋಷದ ಸಾಮಾನ್ಯ ದೂರನ್ನೇ ಕೊಡಬೇಕು.

ಇಷ್ಟೆಲ್ಲ ದಾರಿಗಳಿದ್ದೂ, ತಜ್ಞರ ಪರೀಕ್ಷೆ ಬೇಕಾದ ದೂರನ್ನು ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳಿದ್ದೂ, ತಿಂಗಳ ಕಂತಿನ ಮೇಲೆ ಬದುಕುವವನಿಗೆ ಐದು ತಿಂಗಳೇ ಒಂದು ಯುಗ. ಇಷ್ಟು ಸಲ ದುರಸ್ತಿ, ಇಷ್ಟು ದಿನ ನಿಲುಗಡೆ ಎಂದು ಲೆಕ್ಕ ನಿಗದಿಪಡಿಸಿ, ಅದು ಮುಗಿದ ಕೂಡಲೇ ದೋಷವಿಲ್ಲವೆಂದು ಸಾಧಿಸುವ ಹೊರೆಯನ್ನು ತಯಾರಕನ ಹೆಗಲಿಗೆ ಹಾಕುವ ನಿಯಮ ಭಾರತಕ್ಕೆ ಬೇಕು. ಅದು ಕ್ಯಾಲಿಫೋರ್ನಿಯದಂತೆ ಭಾರಿ ವಾಹನವನ್ನು ಹೊರಗಿಡದೆ, ಸ್ವಯಂ ಉದ್ಯೋಗದ ಲಾರಿ ಮಾಲೀಕನನ್ನು ಹೆಸರು ಹಿಡಿದು ಒಳಗೊಳ್ಳಬೇಕು. ಆ ವರ್ಗವನ್ನು ಸುಪ್ರೀಂ ಕೋರ್ಟ್ 1995ರಲ್ಲೇ ಗುರುತಿಸಿರುವಾಗ ಶಾಸನಕ್ಕೆ ಅದು ಕಷ್ಟವಾಗಬಾರದು.

ಈಗಿರುವ ಕಾನೂನಿನಡಿ ಜಿಲ್ಲಾ ಆಯೋಗದಲ್ಲಿ ಗೆದ್ದ ಮೇಲೂ ಕೆಲವು ಕೆಲಸಗಳು ಉಳಿಯುತ್ತವೆ. ಕಂಪನಿ 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಆದರೆ ಆದೇಶವಾದ ಮೊತ್ತದ ಅರ್ಧವನ್ನು ಮೊದಲು ಠೇವಣಿಯಿಡಬೇಕು. ಆದೇಶ ಪಾಲಿಸದವರಿಗೆ 72ನೇ ಕಲಮಿನಡಿ ಒಂದು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸ ಅಥವಾ ಕನಿಷ್ಠ 25,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ಲಾರಿಯ ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿಯ ಹೆಸರು ಅಡಮಾನವಾಗಿ ದಾಖಲಾಗಿರುವುದರಿಂದ, ಹಣ ವಾಪಸಾದಾಗ ಬಾಕಿ ಸಾಲ ಅದರಿಂದ ತೀರಿ, ಫೈನಾನ್ಸಿನವರ ಸಹಿಯೊಂದಿಗೆ ಫಾರಂ 35 ಆರ್‌ಟಿಒ ಕಚೇರಿಗೆ ಹೋಗಿ, ಹೆಸರು ತೆಗೆಸಿದ ಮೇಲಷ್ಟೇ ಕೆಟ್ಟ ಲಾರಿ ಕಂಪನಿಗೆ ಹಿಂದಿರುಗುತ್ತದೆ. ಆದ್ದರಿಂದ ದೂರು ಕೊಡುವಾಗಲೇ ಫೈನಾನ್ಸ್ ಕಂಪನಿಗೆ ಲಿಖಿತವಾಗಿ ವಿಷಯ ತಿಳಿಸಿ, ಪ್ರಕರಣ ಮುಗಿಯುವವರೆಗೆ ಸಾಧ್ಯವಾದಷ್ಟು ಕಂತನ್ನು ಕಟ್ಟುತ್ತ ಹೋಗುವುದು ಕ್ಷೇಮ. ಕಂತು ತಪ್ಪಿ ಲಾರಿ ಜಪ್ತಿಯಾದರೆ, ತಜ್ಞ ಪರೀಕ್ಷಿಸಬೇಕಾದ ವಾಹನವೇ ಮಾಲೀಕನ ಕೈತಪ್ಪಿಹೋಗುತ್ತದೆ.